ಹಳ್ಳದ ದಂಡೆಯ ಅಕ್ಷರ

ಕಂಪ್ಯೂಟರಿನ ಪರದೆಯ ಮೇಲೆ ಯಾವುದಾದರೂ ಅಕ್ಷರವನ್ನು ಹಿಗ್ಗಿಸಿ ಅದರ ಅಂಚು ನೋಡುವಾಗ ನನಗೆ ಇಂದಿಗೂ ನೀರಿನ ಸದ್ದು ಕೇಳಿಸುತ್ತದೆ. ಮೊದಲು ಅಂಚಿನ ಬೂದು ಚುಕ್ಕೆಗಳ ಸಾಲು ಕಾಣುತ್ತದೆ. ಅದರ ಹಿಂದೆಯೇ ಎರೆಮಣ್ಣಿನ ಬಣ್ಣದ ನೀರು, ಒಂದು ಕಡೆ ವಾಲಿದ ಟಂಟಂ, ಬುತ್ತಿಯ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದ ನಮ್ಮ ಅತ್ತೆ. ಆ ದಿನ ಎಲ್ಲರೂ ಬದುಕಿ ಬಂದೆವು, ಯಾರ ಕೈಕಾಲೂ ಮುರಿಯಲಿಲ್ಲ. ಆದರೂ ಮನಸ್ಸು ಆ ಗಳಿಗೆಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಪ್ರತಿ ಸಲವೂ ಶುರುವಾಗುವುದು ನೀರಿನಿಂದ ಅಲ್ಲ, ಒಂದು ಬೋರ್ಡಿನಿಂದ.

ಅದು ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳು. ಫ್ಲೆಕ್ಸ್ ಎಂಬ ಬಟ್ಟೆ ಆಗತಾನೆ ನಮ್ಮ ಕಡೆ ಕಾಲಿಟ್ಟಿತ್ತು. ರೋಣದಲ್ಲಿ ನಮ್ಮ ಮನೆಯವರದು ಫೋಟೋ ಸ್ಟುಡಿಯೋ. ನಾನು ಬಿಎಸ್ಸಿ ಮುಗಿಸಿ, ಕಂಪ್ಯೂಟರ್ ಕೋರ್ಸು ಮಾಡಿಕೊಂಡು ಆ ಮನೆಗೆ ಸೊಸೆಯಾಗಿ ಬಂದವಳು. ಅವರು ಕ್ಯಾಮೆರಾ ಹಿಡಿದು ಮದುವೆ, ತೊಟ್ಟಿಲು ಎಂದು ಊರೂರು ತಿರುಗುತ್ತಿದ್ದರು, ನಾನು ಒಳಗೆ ಕುಳಿತು ಆ ಫೋಟೋಗಳನ್ನು ತಿದ್ದಿ ಅವುಗಳ ಮೇಲೆ ಹೆಸರು ಬರೆಯುತ್ತಿದ್ದೆ. ಬರೆಯುವುದೇ ದೊಡ್ಡ ಕೆಲಸ. ಫೋಟೋ ತಿದ್ದುವ ತಂತ್ರಾಂಶಕ್ಕೆ ಕನ್ನಡ ನೇರವಾಗಿ ಬರುತ್ತಿರಲಿಲ್ಲ. ಬೇರೆ ತಂತ್ರಾಂಶದಲ್ಲಿ ಟೈಪು ಮಾಡಿ, ಅಲ್ಲಿಂದ ಎತ್ತಿ ಇಲ್ಲಿ ತಂದು ಕೂರಿಸಬೇಕು. ಕೂರಿಸುವಾಗ ಅಕ್ಷರದ ದುಂಡು ಅಂಚು ಮೆಟ್ಟಿಲು ಮೆಟ್ಟಿಲಾಗುತ್ತಿತ್ತು. ನಮ್ಮ ಲಿಪಿ ಅಡಿಯಿಂದ ಮುಡಿಯವರೆಗೆ ದುಂಡು. ಇಂಗ್ಲಿಷಿನ ಎಚ್ ಅಕ್ಷರಕ್ಕೆ ಮೆಟ್ಟಿಲು ಬಿದ್ದರೆ ಗೊತ್ತಾಗುವುದಿಲ್ಲ, ನಮ್ಮ ಠಕಾರಕ್ಕೆ ಬಿದ್ದರೆ ಇಲಿ ಕಡಿದ ರೊಟ್ಟಿಯಂತೆ ಕಾಣುತ್ತದೆ.

ಗಿರಾಕಿಗಳಿಗೆ ಅದರ ಚಿಂತೆ ಇರಲಿಲ್ಲ. ಅವರಿಗೆ ಅಕ್ಷರಕ್ಕೆ ಬಂಗಾರದ ಬಣ್ಣ ಬೇಕು, ಬಂಗಾರಕ್ಕೆ ಕೆಂಪು ಅಂಚು ಬೇಕು, ಕೆಂಪಿಗೆ ಬಿಳಿ ಅಂಚು, ಅದರ ಕೆಳಗೆ ನೆರಳು. ನರೇಗಲ್ಲಿನಿಂದ ಬಂದ ಒಬ್ಬ ಹಿರಿಯರು ಮಗನ ಮದುವೆಯ ಆಲ್ಬಮ್ಮಿಗೆ ಹೆಸರು ಬರೆಸುತ್ತ, "ಅಕ್ಷರಕ್ಕೂ ಮುಂಡಾಸ ಸುತ್ತಿ, ಬಾಸಿಂಗ ಕಟ್ಟಿಬಿಡ್ರಿ ಅಕ್ಕಾರ, ಅದರದೂ ಮದುವಿ ಆಗಿಹೋಗ್ಲಿ" ಎಂದಿದ್ದರು. ಸುತ್ತಿ ಕಟ್ಟಿ ಕೊಟ್ಟೆ. ಖುಷಿಯಿಂದ ಹೋದರು. ನಾನೂ ಖುಷಿಯಲ್ಲೇ ಇದ್ದೆ. ಆ ಕೆಲಸ ನನಗೆ ಹಿಡಿಸಿತ್ತು.

ಆ ವರ್ಷ ನನ್ನ ನಾದಿನಿ, ಅಂದರೆ ನಮ್ಮ ಮನೆಯವರ ತಂಗಿ, ಮೊದಲ ಬಸಿರು. ಬೇಸಿಗೆಯ ಹಿಂದಿನ ಸುಗ್ಗಿಯಲ್ಲಿ ಮೆಣಸಗಿಗೆ ಕೊಟ್ಟಿದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ಅವಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಬರಲು ನಾನು ಮತ್ತು ಅತ್ತೆ ಹೊರಟೆವು. ಯಜಮಾನರಿಗೆ ಆ ದಿನವೇ ಒಂದು ಮದುವೆಯ ಕೆಲಸ ಬಂದಿತ್ತು. ಅವರ ಪರಿಚಯದ ಮೂರು ಗಾಲಿಯ ಟಂಟಂ ಒಂದನ್ನು ಗೊತ್ತು ಮಾಡಿಕೊಟ್ಟರು. ಓಡಿಸುವವರು ಗಜೇಂದ್ರಗಡದವರು, ಮುಸಲ್ಮಾನರು, ನಲವತ್ತರ ಆಸುಪಾಸು. ನಾನು ಭಾಯಿ ಎನ್ನುತ್ತಿದ್ದೆ. ಗುಡ್ಡದ ಸೀಮೆಯ ರಸ್ತೆಗಳೆಲ್ಲ ಅವರಿಗೆ ಅಂಗೈಯ ಗೆರೆ, ಆದರೆ ಹೊಳೆಸಾಲಿನ ಈ ಕಡೆ ಬಂದದ್ದು ಕಡಿಮೆ.

ಹೋಗುವಾಗ ಏನೂ ಇರಲಿಲ್ಲ. ದಾರಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಎತ್ತರದ ಸೇತುವೆ ಇಲ್ಲ, ಹಳ್ಳದ ತಳಕ್ಕೇ ಹಾಸಿದ ಕಾಂಕ್ರೀಟಿನ ತಗ್ಗು ಹಾದಿ, ಎರಡೂ ಬದಿಗೆ ಮೊಣಕಾಲೆತ್ತರದ ಕಲ್ಲುಗಳು. ಬೆಳಿಗ್ಗೆ ಅದರ ಮೇಲೆ ಕುರಿಗಳು ನಿಂತಿದ್ದವು. ಮೆಣಸಗಿಯಲ್ಲಿ ಹಸಿರು ಖಣ, ಹಸಿರು ಬಳೆ, ಶೇಂಗಾ ಹೋಳಿಗೆ, ಹಾಡು ಎಲ್ಲ ಆಯಿತು. ನಾದಿನಿ ನನ್ನ ಕಿವಿಯಲ್ಲಿ, "ವೈನಿ, ಅವ್ವಗ ಹೇಳು, ನನ್ನ ಲಗೂನ ಕರ್ಕೊಂಡು ಹೋಗ್ರಿ. ಇಲ್ಲೆ ಎಲ್ಲಾರೂ ಹೊಟ್ಟಿ ನೋಡಿ ಗಂಡೋ ಹೆಣ್ಣೋ ಅಂತ ಪಂತ ಕಟ್ಟಾಕತ್ಯಾರ" ಎಂದಳು. ಬುತ್ತಿ ತಂದ ಬುಟ್ಟಿಯನ್ನು ಬರಿದೆ ಕಳಿಸಬಾರದೆಂದು ಬೀಗರು ಅದರಲ್ಲಿ ಹಸಿ ಕಡಲೆಬೇಳೆ, ಬೆಲ್ಲ, ಒಂದು ಖಣ ಇಟ್ಟು ಕೊಟ್ಟರು. ಊಟ ಮುಗಿಸಿ ಹೊರಟಾಗ ಬಿಸಿಲು ಚೆನ್ನಾಗಿತ್ತು. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ.

ಹಳ್ಳಕ್ಕೆ ಇಳಿಯುವ ಮುಂಚೆ ಜಾಲಿ ಮರಗಳ ಒಂದು ತಿರುವು. ತಿರುವು ದಾಟಿದೊಡನೆ ಎಡಕ್ಕೆ ಹೊಚ್ಚ ಹೊಸ ಬೋರ್ಡು ಕಂಡಿತು. ಬೆಳಿಗ್ಗೆ ನಮಗೆ ಅದರ ಬೆನ್ನಷ್ಟೇ ಕಂಡಿತ್ತು. ಈಗ ಪೂರ್ತಿ ಮುಖ ಕಾಣಿಸಿತು. ಒಂದು ಮುಖ ಅಲ್ಲ, ಸಾಲು ಸಾಲು ಮುಖಗಳು. ಕೊರಳಿಗೆ ಟವೆಲು, ಕೆಲವರಿಗೆ ಕಪ್ಪು ಕನ್ನಡಕ, ಎಲ್ಲರದೂ ಮುಗಿದ ಕೈ, ನಗು.

"ಯಾರದೋ ಹುಟ್ಟಿದ ಹಬ್ಬ ಐತಿ ನೋಡ್ರಿ ಅವ್ವಾರ" ಎಂದರು ಭಾಯಿ.

"ಹುಟ್ಟಿದ ಹಬ್ಬ ಅಲ್ಲೋ ತಮ್ಮಾ, ಕೈ ಮುಗದಾರ, ಮದುವಿಗಿ ಬರ್ರಿ ಅನ್ನಾಕತ್ಯಾರ" ಎಂದರು ಅತ್ತೆ.

"ಮದುವಿ ಆದ್ರ ಹುಡುಗಿ ಎಲ್ಲೈತ್ರಿ? ಬರೇ ಗಂಡಸರದ ಐತಿ."

"ಹುಡುಗಿ ಇನ್ನ ಸಿಕ್ಕಿರಾಕಿಲ್ಲ."

ನಾನು ನಕ್ಕೆ. ಮುಖಗಳ ಕೆಳಗೆ ಅಕ್ಷರಗಳಿದ್ದವು. ಹಳದಿ, ಅದಕ್ಕೆ ಕೆಂಪು ಅಂಚು, ಅದಕ್ಕೆ ನೀಲಿ ಅಂಚು. ಇಡೀ ದಿನ ಇದೇ ಕೆಲಸ ಮಾಡುವವಳ ಕಣ್ಣಿಗೆ ಕೂಡ ಅದು ಅಕ್ಷರವಾಗಿ ಕಾಣಲಿಲ್ಲ, ಬಣ್ಣದ ಪಟ್ಟಿಯಾಗಿ ಕಂಡಿತು. ಹುಡುಗಿ ಸಿಕ್ಕಿಲ್ಲ ಎಂಬ ಮಾತಿಗೆ ಭಾಯಿ ತಿರುಗಿ ಏನೋ ಹೇಳಬೇಕು ಅನ್ನುವಷ್ಟರಲ್ಲಿ ಮುಂದಿನ ಗಾಲಿ ನೀರಿನಲ್ಲಿತ್ತು.

ನಮ್ಮ ಕಡೆಯ ಹಳ್ಳಗಳು ಹಾಗೆ. ಮಳೆ ಎಲ್ಲೋ ಮೇಲಿನ ಸೀಮೆಯಲ್ಲಿ ಆಗುತ್ತದೆ, ನೀರು ಇಲ್ಲಿ ಬಿಸಿಲಿನಲ್ಲಿ ಬರುತ್ತದೆ. ಕಾಂಕ್ರೀಟಿನ ಮೇಲೆ ಹರಿಯುತ್ತಿದ್ದುದು ತೆಳು ನೀರೆಂದು ಭಾಯಿ ತಿಳಿದರು. ನಡುವೆ ಹೋದಾಗ ಅದು ತೆಳುವಾಗಿರಲಿಲ್ಲ. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಆಮೇಲೆ ಆ ಸದ್ದು, ಗಾಡಿಯ ತಳಕ್ಕೆ ನೀರು ಉಜ್ಜುವ ಸದ್ದು. ಟಂಟಂ ತಾನೇ ಪಕ್ಕಕ್ಕೆ ಸರಿಯತೊಡಗಿತು, ನಿಧಾನಕ್ಕೆ, ಯಾರೋ ಬೆರಳಿನಿಂದ ತಳ್ಳಿದ ಹಾಗೆ. ಹಿಂದಿನ ಒಂದು ಗಾಲಿ ಅಂಚು ದಾಟಿ ಕೆಳಗೆ ಇಳಿದುಬಿಟ್ಟಿತು. ಮುಂದಿನದು ಬದಿಯ ಕಲ್ಲಿಗೆ ಆತು ನಿಂತಿತು. ಆ ಕಲ್ಲೊಂದೇ ನಮಗೂ ಹಳ್ಳಕ್ಕೂ ನಡುವೆ ಇದ್ದದ್ದು.

ನಾನು ಕಿರುಚಲಿಲ್ಲ. ಕಿರುಚಿದೆನೆಂದು ಅತ್ತೆ ಹೇಳುತ್ತಾರೆ. ನನ್ನ ನೆನಪಿನಲ್ಲಿ ಮಾತ್ರ ಎಲ್ಲ ಸದ್ದೂ ನೀರಿನದೇ.

ಆಗ ದಂಡೆಯ ಹೊಲದಿಂದ ಜನ ಓಡಿ ಬಂದರು. ಹಗ್ಗ ಎಸೆದರು, ಒಬ್ಬರ ನಡು ಒಬ್ಬರು ಹಿಡಿದು ನೀರಿಗಿಳಿದರು. "ಅವ್ವಾ, ಬುಟ್ಟಿ ಬಿಡ್ರಿ, ಕೈ ಕೊಡ್ರಿ!" ಎಂದು ಮುಂದಿನವನು ಕೂಗಿದ. "ಬುಟ್ಟಿಯಾಗ ಬೀಗರ ಖಣ ಐತೋ!" ಎಂದರು ಅತ್ತೆ. ಆತ ಬುಟ್ಟಿ ಸಮೇತ ಅವರನ್ನು ಹೆಗಲಿಗೆ ಹಾಕಿಕೊಂಡ. ನನ್ನ ಕೈ ಹಿಡಿದವನ ಮುಖ ನೋಡಿದೆ. ಎಲ್ಲೋ ನೋಡಿದ ಮುಖ. ಹಿಂದಿನವನದೂ ನೋಡಿದ ಮುಖವೇ. ದಂಡೆಗೆ ಬಂದು ಕುಸಿದು ಕುಳಿತ ಮೇಲೆ ತಲೆ ಎತ್ತಿದರೆ ಎದುರಿಗೆ ಬೋರ್ಡು, ಅದರಲ್ಲಿ ಅವರೆಲ್ಲ ನಗುತ್ತಿದ್ದರು. ಕೆಳಗೆ ನಿಂತವರು ಮಾತ್ರ ಕೆಸರಾಗಿ, ನಡುಗುತ್ತ, ಭಾಯಿಯನ್ನು ಬೈಯುತ್ತಿದ್ದರು.

"ಇಷ್ಟ ದೊಡ್ಡ ಬೋರ್ಡ್ ಹಾಕೇವಿ, ಕಣ್ಣ ಕಾಣಂಗಿಲ್ಲೇನ್ ನಿಮಗ?"

"ಕಂಡ್ತು ಮಾರಾಯಾ," ಭಾಯಿಯ ಹಲ್ಲು ಕಟಕಟ ಎನ್ನುತ್ತಿತ್ತು. "ನಿಮ್ಮ ನಗೀ ಮಾರಿ ನೋಡೇ ನಾ ಇಳದದ್ದು. ಬರ್ರಿ ಬರ್ರಿ ಅಂದಂಗ ಆತು."

ಆಗ ಹತ್ತಿರ ಹೋಗಿ ನಾನು ಆ ಬಣ್ಣದ ಪಟ್ಟಿಯನ್ನು ಓದಿದೆ. "ಹಳ್ಳಕ್ಕೆ ಮಹಾಪೂರ ಬಂದ ಸಂದರ್ಭದಲ್ಲಿ ಎಡಬದಿಯ ಕಲ್ಲುಕಂಬದ ಮೇಲಿನ ಕೆಂಪು ಗೆರೆಯು ಮುಳುಗಿದ್ದಲ್ಲಿ ಸಾರ್ವಜನಿಕರು ದಾಟಬಾರದಾಗಿ ಸವಿನಯ ವಿನಂತಿ." ಎಡಕ್ಕೆ ನೋಡಿದೆ. ಅಲ್ಲಿ ಕಲ್ಲುಕಂಬವಿತ್ತು. ಕೆಂಪು ಗೆರೆ ಇರಲಿಲ್ಲ, ನೀರಿನ ಕೆಳಗಿತ್ತು.

ನೀರು ಇಳಿದ ಮೇಲೆ ಅವರೇ ಹಗ್ಗ ಹಾಕಿ ಟಂಟಂ ಎಳೆದು ಕೊಟ್ಟರು. ರೋಣಕ್ಕೆ ಬಂದ ಮೇಲೆ ಅತ್ತೆ ಕಡಲೆಬೇಳೆ ಒಣಗಿಸಿದರು, ಹೋಳಿಗೆ ಮಾಡಿದರು, ಬಂದವರಿಗೆಲ್ಲ ಕತೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ನಿದ್ದೆಯಲ್ಲಿ ಅಲ್ಲ, ಎಚ್ಚರದಲ್ಲೇ, ಒಲೆಯ ಮುಂದೆ ನಿಂತಾಗ ನೆಲ ಪಕ್ಕಕ್ಕೆ ಸರಿದ ಹಾಗೆ ಆಗುತ್ತಿತ್ತು. ಇನ್ನೊಂದು ವಿಚಾರವೂ ಕೊರೆಯುತ್ತಿತ್ತು. ನಾದಿನಿಯನ್ನು ಬಾಣಂತನಕ್ಕೆ ಅದೇ ದಾರಿಯಲ್ಲಿ ಕರೆದು ತರಬೇಕು. ತುಂಬಿದ ಹೊಟ್ಟೆ ಹೊತ್ತು, ಮಹಾನವಮಿಯ ಮಳೆಯ ಮುಂದೆ. ನಮಗೆ ಈಗ ಗೊತ್ತಾಯಿತು ಸರಿ. ಆದರೆ ಅವಳಿಗೆ ನಡುವೆ ನೋವು ಕಾಣಿಸಿಕೊಂಡು, ಗೊತ್ತಿಲ್ಲದ ಯಾರದೋ ಗಾಡಿಯಲ್ಲಿ ದವಾಖಾನೆಗೆ ಓಡಿಸಿಕೊಂಡು ಬಂದರೆ? ಅವಳು ಆ ಹಳ್ಳವನ್ನು ಒಣಗಿದ್ದಾಗಷ್ಟೇ ನೋಡಿದ್ದಳು.

ನಮ್ಮನ್ನು ಹಳ್ಳದಿಂದ ಎತ್ತಿದ ಆ ಹುಡುಗರೇ ಒಂದು ದಿನ ಸ್ಟುಡಿಯೋಕ್ಕೆ ಬಂದರು. ನಾವು ಕ್ಷೇಮವೇ ಎಂದು ಕೇಳಲು ಬಂದವರು, ಆದರೆ ಕಣ್ಣು ಕಂಪ್ಯೂಟರಿನ ಮೇಲಿತ್ತು. ಹಿಂದಿನ ಮಳೆಗಾಲದಲ್ಲಿ ಹಳ್ಳದಲ್ಲಿ ಒಂದು ಎತ್ತು ಹೋಯಿತಂತೆ. ಅದಕ್ಕೇ ಬೋರ್ಡು ಹಾಕಿದ್ದು. ಅವರಲ್ಲೊಬ್ಬನ ಸೋದರಮಾವನ ಮನೆಯ ಕಂಪ್ಯೂಟರಿನಲ್ಲಿ ತಾವೇ ಕೂತು ಮಾಡಿದ್ದಂತೆ. ಆ ಫೈಲನ್ನು ಸಿಡಿಯಲ್ಲಿ ತಂದಿದ್ದರು. ತೆರೆದು ನೋಡಿದೆ. ಅಂಗೈ ಅಗಲದ ಚಿತ್ರ. ಅದನ್ನೇ ಎಳೆದು ಎಳೆದು ಬಾಗಿಲಿನಷ್ಟು ಮಾಡಿದ್ದರು.

ಅವರಿಗೆ ನಾನು ಹೀಗೆ ತೋರಿಸಿದೆ. ಚಿತ್ರ ಎಂದರೆ ಚುಕ್ಕೆಗಳ ಹೊಲ. ದುಂಡು ಅಕ್ಷರವನ್ನು ಚೌಕ ಚುಕ್ಕೆಗಳಲ್ಲಿ ತುಂಬಿದರೆ ಅಂಚು ಮೆಟ್ಟಿಲಾಗುತ್ತದೆ. ಮೆಟ್ಟಿಲು ಕಾಣದಿರಲಿ ಎಂದು ತಂತ್ರಾಂಶ ಅಂಚಿಗೆ ಅರೆಬಣ್ಣದ ಚುಕ್ಕೆ ಇಡುತ್ತದೆ. ಕಪ್ಪು ಬಿಳಿಯ ನಡುವೆ ಬೂದು. ಚಿಕ್ಕದಾಗಿದ್ದಾಗ ಕಣ್ಣು ಅದನ್ನು ನುಣುಪು ಎಂದು ನಂಬುತ್ತದೆ. ಅದನ್ನೇ ಹಿಗ್ಗಿಸಿದರೆ ಆ ಬೂದು ಚುಕ್ಕೆಯೂ ಹಿಗ್ಗಿ ಮಂಜಾಗುತ್ತದೆ. ಮಂಜಿನ ಸುತ್ತ ಎರಡು ಬಣ್ಣದ ಅಂಚು ಕಟ್ಟಿದರೆ ಅಕ್ಷರದ ಹೊಟ್ಟೆಯೊಳಗಿನ ಬಯಲು ಮುಚ್ಚುತ್ತದೆ. ಮೊದಲು ಮುಚ್ಚುವುದು ಕೆಳಗಿನ ಒತ್ತಕ್ಷರಗಳು.

"ಅಂದ್ರ ನಮ್ಮ ಅಕ್ಷರ ಬಾತಾವು ಅನ್ರಿ" ಎಂದ ಮುಂದಾಳು, ನನ್ನ ಕೈ ಹಿಡಿದು ದಡಕ್ಕೆ ಎಳೆದವನು.

"ಹೂಂ. ಹೊಸಾದು ಮಾಡಿಕೊಡ್ತೀನಿ. ಮಾತು ಕಡಿಮಿ ಇರ್ಲಿ. ಫೋಟೋ ಬ್ಯಾಡ."

 ಆತ ಕೆಮ್ಮಿದ. "ಅಕ್ಕಾರ, ನೀವು ಹೇಳೂದು ಖರೇ ಐತಿ. ಆದ್ರ ಗುಂಡಿ ತೋಡಿದವರು, ಕಬ್ಬಿಣ ಹೊತ್ತವರು ಫೋಟೋದಾಗಿನವರ. ಫೋಟೋ ತಗದ್ರ ನಾಳಿ ಹಗ್ಗ ಹಿಡಿಯಾಕ ಯಾರ್ ಬರ್ತಾರ್ರಿ?"

ತಮಾಷೆಯ ಮಾತಲ್ಲ, ಅವನು ನಿಜವಾಗಿಯೇ ಕೇಳಿದ್ದ. ಆ ಮುಖಗಳು ಬರದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.  ನೋಡೋಣ ಎಂದೆ. ಮೊದಲು ಅಕ್ಷರ ಆಗಲಿ.

ಅಕ್ಷರಕ್ಕೆ ಕುಳಿತೆ. ಮೊದಲ ಸಾಲು ಒಂದೇ ಮಾತು: ನಿಲ್ಲಿ. ಕೆಳಗೆ: ಕೆಂಪು ಗೆರೆ ಮುಳುಗಿದರೆ ದಾಟಬೇಡಿ. ಭಾಯಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಅವರು ನಾಲ್ಕನೇ ಇಯತ್ತೆಯವರೆಗೆ ಸಾಲಿಗೆ ಹೋದವರು, ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಅವರು ಓದಿ ಮುಗಿಸುವುದರೊಳಗೆ ಗಾಡಿ ಇಳಿಜಾರಿಗೆ ಬರಬಾರದು. ಅಕ್ಷರಗಳನ್ನು ಚುಕ್ಕೆಯಾಗಿ ಇಡದೆ ಗೆರೆಯ ರೂಪದಲ್ಲೇ ಇಟ್ಟುಕೊಂಡು, ಬೋರ್ಡಿನ ಪೂರ್ತಿ ಅಳತೆಗೆ ಬೆಳೆಸಿ, ಕಡೆಗೆ ಮಾತ್ರ ಚುಕ್ಕೆ ಮಾಡಿದೆ. ನಮ್ಮ ಕಂಪ್ಯೂಟರಿಗೆ ಅದು ಹೊರಲಾರದ ಹೊರೆ. ಒಂದು ಸಲ ಗುಂಡಿ ಒತ್ತಿ ನಾನು ಸಾರಿಗೆ ಒಗ್ಗರಣೆ ಕೊಟ್ಟು ಬಂದರೂ ಅದು ಇನ್ನೂ ಉಸಿರು ಬಿಡುತ್ತಿರುತ್ತಿತ್ತು.

ಅಂಚನ್ನು ಎಷ್ಟು ನುಣುಪು ಮಾಡಬೇಕೆಂದು ಆರಿಸಿಕೊಳ್ಳಲು ತಂತ್ರಾಂಶದಲ್ಲಿ ಕೆಲವು ಬಗೆಗಳಿದ್ದವು. ಒಂದರಲ್ಲಿ ನುಣುಪೇ ಇಲ್ಲ, ಒಂದರಲ್ಲಿ ಅಕ್ಷರ ದಪ್ಪವಾಗುತ್ತದೆ, ಒಂದರಲ್ಲಿ ಕರಗುತ್ತದೆ, ಒಂದರಲ್ಲಿ ಚೂಪಾಗುತ್ತದೆ. ಆಲ್ಬಮ್ಮಿಗೆ ಕರಗುವುದೇ ಚಂದ. ಇದಕ್ಕೆ ಯಾವುದು? ಒಂದೊಂದು ಬಗೆಯಲ್ಲೂ ಒಂದು ಕಾಗದ ಮುದ್ರಿಸಿ ಅಂಗಡಿಯ ಬಾಗಿಲಿಗೆ ಅಂಟಿಸಿ, ರಸ್ತೆಯ ಆಚೆ ಚಹಾದಂಗಡಿಯ ಬಳಿ ಅತ್ತೆಯನ್ನು ನಿಲ್ಲಿಸಿದೆ. ಅತ್ತೆ ಭಾಯಿಯ ಹಾಗೆಯೇ ಕೂಡಿಸಿ ಓದುವವರು. ದೂರದ್ದು ಅವರ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು.

"ಓದ್ರಿ ಅತ್ತೀ."

"ನಿಲ್ಲಿ. ಕೆಂಪು ಗೆರೆ ಮುಳುಗಿದರೆ ದಾಟಬೇಡಿ."

ಎರಡನೆಯದು ಹಚ್ಚಿದೆ. ಗಡಗಡನೆ ಓದಿದರು. ಮೂರನೆಯದನ್ನು ಇನ್ನೂ ಅಂಟಿಸುತ್ತಿದ್ದೆ, ಅಷ್ಟರಲ್ಲೇ ಓದಿ ಮುಗಿಸಿದರು. ನಾನು ಕೈಬಿಟ್ಟು ನಿಂತೆ. "ಅತ್ತೀ, ನೀವು ಓದಾಕತ್ತಿಲ್ಲ."

"ಮತ್ತ? ಅದನ್ನ ಬೆಳಗಿನಿಂದ ಬಡಬಡಸಾಕತ್ತಿ, ಬಾಯಿಪಾಠ ಆಗೇತಿ. ಕಣ್ಣ ಮುಚ್ಚಿ ಹೇಳಲೇನು?"

ಚಹಾದಂಗಡಿಯವರು ಸೌಟು ಹಿಡಿದುಕೊಂಡೇ, "ಏನ್ರಿ ಅವ್ವಾರ, ಕಣ್ಣ ತಪಾಸಣಿ ನಡಸ್ಯಾರೇನು ಸೊಸಿ?" ಎಂದರು. "ಕಣ್ಣಲ್ಲೋ, ನನ್ನ ಬುದ್ಧಿ ತಪಾಸಣಿ" ಎಂದರು ಅತ್ತೆ.

ಆಗ ಒಂದು ಉಪಾಯ ಹೊಳೆಯಿತು. ಮರುದಿನ ಅದೇ ಅಳತೆ, ಅದೇ ಅಕ್ಷರ, ಆದರೆ ಮಾತು ಬೇರೆ. ಏನು ಬರುತ್ತದೆಂದು ಅತ್ತೆಗೆ ಹೇಳಲಿಲ್ಲ. ಒತ್ತಕ್ಷರ ಹೆಚ್ಚಿರುವ ಮಾತುಗಳನ್ನೇ ಆರಿಸಿದೆ.

ಅತ್ತೆ ಕಣ್ಣು ಕಿರಿದು ಮಾಡಿದರು. "ಬೆ…ಳ್ಳು…ಳ್ಳಿ… ಒಗ್ಗ…ರಣೆ… ಯಾವುದಕ್ಕ? ಮುಂಜಾನೆ ಹಾಕಿದ್ನಲ್ಲ!"

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಮುಂದಿನದು ದಪ್ಪವಾಗುವ ಬಗೆ. "ಹಿ…" ಎಂದು ನಿಂತರು. "ಹಿಟ್ಟೋ ಹಿಡ್ಡೋ, ಕೆಳಗಿಂದು ಗಂಟ ಬಿದ್ದೈತಿ." ಸರಿ, ಅದು ಬೇಡ. ಕರಗುವ ಬಗೆಯಲ್ಲಿ ಪದ ಗೊತ್ತಾಯಿತು, ಆದರೆ ಹೊತ್ತು ಹಿಡಿಯಿತು. ಚೂಪಿನ ಬಗೆಯಲ್ಲಿ ಒತ್ತನ್ನು ತುಸು ಕೆಳಗೆ ಇಳಿಸಿ, ಮೇಲಿನ ಅಕ್ಷರಕ್ಕೆ ತಾಗದ ಹಾಗೆ ಬಿಡಿಸಿ, ಹೊಟ್ಟೆಯ ಬಯಲನ್ನು ಕೈಯಿಂದ ಅಗಲ ಮಾಡಿ ಬರೆದದ್ದು ಕೊನೆಯ ಕಾಗದ.

"ಅತ್ತೆಯ ಸಿಟ್ಟು ಇಳಿದಿದೆ" ಎಂದು ಒಂದೇ ಉಸಿರಿನಲ್ಲಿ ಓದಿದರು. ಓದಿದ್ದು ಏನೆಂದು ಆಮೇಲೆ ತಿಳಿಯಿತು. "ಇಳದಿಲ್ಲ! ಯಾರ್ ಹೇಳಿದ್ರು ನಿನಗ?" ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಬಂದರು. ಅಂದಿನಿಂದ ಊರಿನಲ್ಲಿ ಕೆಲವರು ದಿನವೂ ಚಹಾಕ್ಕೆ ಬಂದು, "ಇವತ್ತ ಏನ್ ಬರದಾರ್ರಿ ಅವ್ವಾರ?" ಎಂದು ಕೇಳುತ್ತಿದ್ದರು. ಹಳ್ಳದ ಮೇಲಿನ ಆ ದಿನದ ನಂತರ ನಾನು ಮೊದಲ ಸಲ ಹೊಟ್ಟೆ ತುಂಬ ನಕ್ಕದ್ದು ಆಗಲೇ.

ನರಗುಂದದಲ್ಲಿ ಹೊಸದಾಗಿ ಫ್ಲೆಕ್ಸ್ ಯಂತ್ರ ಬಂದಿತ್ತು. ಯಜಮಾನರು ಫೈಲು ಒಯ್ದು ಒಂದು ತುಂಡು ಪರೀಕ್ಷೆಗೆ ಹೊಡೆಸಿ ತಂದರು. ಪರದೆಯ ಮೇಲೆ ಚೂಪಾಗಿದ್ದದ್ದು ಬಟ್ಟೆಯ ಮೇಲೆ ಶಾಯಿ ಹರಡಿ ಮತ್ತೆ ಊದಿಕೊಂಡಿತ್ತು. ಶಾಯಿ ಎಷ್ಟು ಹರಡುತ್ತದೋ ಅಷ್ಟನ್ನು ಮೊದಲೇ ಅಕ್ಷರದ ಮೈಯಿಂದ ಕಡಿಮೆ ಮಾಡಿದೆ. ಪರದೆಯಲ್ಲಿ ಅದು ಜ್ವರ ಬಂದು ಎದ್ದವರ ಹಾಗೆ ಬಡಕಲು. ಬಟ್ಟೆಯ ಮೇಲೆ ಬಂದಾಗ ಸರಿಯಾದ ಮೈಕಟ್ಟು. ಬಿಳಿಯ ಮೇಲೆ ಕಪ್ಪು, "ನಿಲ್ಲಿ" ಒಂದು ಮಾತ್ರ ಕೆಂಪು. ನೆರಳಿಲ್ಲ, ಅಂಚಿಲ್ಲ.

ಮುಖಗಳ ತೀರ್ಮಾನ ಮಾಡಿದವರು ಅತ್ತೆ. ಹುಡುಗರು ಬೋರ್ಡು ನೋಡಲು ಬಂದು, ಅಕ್ಷರ ಮೆಚ್ಚಿ, ಆದರೂ ಸಪ್ಪಗೆ ನಿಂತಿದ್ದರು. ಅತ್ತೆ ಒಳಗಿನಿಂದಲೇ ಕೂಗಿದರು, "ಅಲ್ಲೋ ತಮ್ಮಾ, ಬೋರ್ಡಿಗಿ ಬೆನ್ನ ಇಲ್ಲೇನು? ಎರಡೂ ದಂಡಿಗಿ ಒಂದೊಂದ ಹಾಕ್ರಿ. ಇಳಿಯಾವರಿಗಿ ಅಕ್ಷರ ಕಾಣ್ಲಿ. ದಾಟಿ ಬಂದವರಿಗಿ ನಿಮ್ಮ ಮಾರಿ ಕಾಣ್ಲಿ. ನೀರಾಗ ಇಳಿಯೂ ಮುಂದ ನೀವು ನಕ್ಕರ ಹ್ಯಾಂಗ? ದಾಟಿದ ಮ್ಯಾಲೆ ನಗ್ರಿ."

ಮುಂದಾಳು ಉಳಿದವರ ಕಡೆ ನೋಡಿದ. ಒಬ್ಬ, "ಹಂಗಾದ್ರ ಕೈ ಮುಗಿಯೂದು ಬ್ಯಾಡ, ಕೈ ಬೀಸೂದು ಇರ್ಲಿ" ಎಂದ. ಅಲ್ಲಿಗೆ ಒಪ್ಪಂದವಾಯಿತು. ಯಜಮಾನರು ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೊಸದಾಗಿ ಫೋಟೋ ಹಿಡಿದರು. ಕಪ್ಪು ಕನ್ನಡಕ ತೆಗೆಯಲು ಯಾರೂ ಒಪ್ಪಲಿಲ್ಲ.

ನಾದಿನಿಯನ್ನು ಕರೆತರುವ ದಿನ ಬಂತು. ನಾನು ಬರುವುದಿಲ್ಲ ಎನ್ನಬಹುದಿತ್ತು, ಯಾರೂ ಬಲವಂತ ಮಾಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಕುಳಿತು ಕಾಯುವುದು ಅದಕ್ಕಿಂತ ಕಷ್ಟ ಅನ್ನಿಸಿತು. ಭಾಯಿಯ ಅದೇ ಟಂಟಂ, ಅದೇ ಬುಟ್ಟಿ. ಹೋಗುವಾಗ ಕಲ್ಲುಕಂಬದ ಕೆಂಪು ಗೆರೆ ನೀರಿನಿಂದ ಎಷ್ಟೋ ಮೇಲೆ ಇತ್ತು. ಆದರೂ ನಾನು ಕಣ್ಣು ಮುಚ್ಚಿಕೊಂಡೆ.

ಮೆಣಸಗಿಯಿಂದ ತಿರುಗಿ ಹೊರಟಾಗ ಬಿಸಿಲು. ಅಂದಿನಂತೆಯೇ ಮೋಡವಿಲ್ಲದ ಬಿಸಿಲು. ನಾದಿನಿ ನಮ್ಮಿಬ್ಬರ ನಡುವೆ ದಿಂಬು ಇಟ್ಟುಕೊಂಡು ಕುಳಿತಿದ್ದಳು. ಜಾಲಿ ಮರಗಳ ತಿರುವು ಬಂದಾಗ ನಾನು ಅವಳ ಕೈ ಹಿಡಿದೆ.  ತಿರುವಿನಲ್ಲಿ ಬೋರ್ಡು ಕಾಣಿಸಿತು. ನಾನು ಓದಲಿಲ್ಲ, ನನಗದು ಬಾಯಿಪಾಠ. ಭಾಯಿಯ ಬೆನ್ನು ನೋಡುತ್ತಿದ್ದೆ.

"ನಿ…ಲ್ಲಿ" ಎಂದರು ಭಾಯಿ. ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು. "ಕೆಂಪು… ಗೆರೆ… ಮುಳು…ಗಿದರೆ…" ಗಾಡಿ ನಿಂತಿತು. ಇಳಿಜಾರು ಇನ್ನೂ ಮುಂದೆ ಇತ್ತು. ಅವರು ಇಳಿದು, ಹಣೆಗೆ ಕೈ ಅಡ್ಡ ಹಿಡಿದು ಎಡಕ್ಕೆ ನೋಡಿದರು. ತಿರುಗಿ ನಮ್ಮ ಕಡೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಗೆರಿ ಇಲ್ರಿ ಅಕ್ಕಾರ. ಮುಳಗೇತಿ."

ನಾವು ಜಾಲಿಯ ನೆರಳಿನಲ್ಲಿ ಚಾದರ ಹಾಸಿ ಕುಳಿತೆವು. ಹಿಂದಿನಿಂದ ಒಂದು ಟ್ರ್ಯಾಕ್ಟರು ಬಂತು, ಹಾರನ್ನು ಬಾರಿಸಿತು. ಭಾಯಿ ದಾರಿಗೆ ಅಡ್ಡ ನಿಂತು ಬೋರ್ಡಿನ ಕಡೆ ಕೈ ಮಾಡಿದರು. "ಓದಪಾ, ಓದು. ಸಾಲಿ ಕಲ್ತಿ ಇಲ್ಲೋ? ನಾ ಓದೇನಿ, ನಿನಗೇನಾಗೇತಿ?" ಅವನೂ ಓದಿ ಎಂಜಿನ್ ಆರಿಸಿದ. ಅತ್ತೆ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಹಚ್ಚಿಕೊಟ್ಟರು. ನಾದಿನಿ ಯಾವ ಅವಸರವೂ ಇಲ್ಲದೆ ಎರಡು ಪಾಲು ಉಂಡಳು.

ಊಟವಾದ ಮೇಲೆ ನಾನೊಬ್ಬಳೇ ಎದ್ದು ಬೋರ್ಡಿನ ಹತ್ತಿರ ಹೋದೆ. ತೀರ ಹತ್ತಿರದಿಂದ ಅದು ಚೆನ್ನಾಗಿರಲಿಲ್ಲ. ಅಂಚೆಲ್ಲ ಚುಕ್ಕೆ, ಶಾಯಿಯ ಹನಿ. "ಲ್ಲಿ"ಯ ಒತ್ತಿನ ಒಳಗೆ ಒಂದು ಜೇಡ ಆಗಲೇ ಮನೆ ಕಟ್ಟುತ್ತಿತ್ತು. ಬೆರಳಿನಿಂದ ಅಂಚು ಮುಟ್ಟಿದೆ, ಒರಟಾಗಿತ್ತು. ಆಮೇಲೆ ಮುಖ ತಿರುಗಿಸದೆ ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಚುಕ್ಕೆಗಳು ಒಂದಕ್ಕೊಂದು ಸೇರಿದವು. ಮೆಟ್ಟಿಲುಗಳು ಮಾಯವಾದವು. ಒಂದು ಕಡೆ ಬಂದಾಗ ಅಕ್ಷರ ದುಂಡಗೆ, ತುಂಬಿಕೊಂಡು ನಿಂತಿತು. ನೋಡಿದರೆ ನಾನು ನಿಂತದ್ದು ಟಂಟಂನ ಪಕ್ಕದಲ್ಲೇ, ಭಾಯಿ ಬ್ರೇಕು ಒತ್ತಿದ ಜಾಗದಲ್ಲಿ. ಎಲ್ಲಿಂದ ಓದಬೇಕೋ ಅಲ್ಲಿಂದ ಅದು ಸರಿಯಾಗಿತ್ತು. ಹಳ್ಳದ ಸದ್ದು ಕೇಳುತ್ತಲೇ ಇತ್ತು, ನಾನು ಅಕ್ಷರ ನೋಡುತ್ತ ಅಲ್ಲೇ ನಿಂತೆ.

ಬಿಸಿಲು ಬಾಗಿದ ಮೇಲೆ ಕಂಬದ ಮೇಲೆ ಒದ್ದೆಯ ಕೆಂಪು ಕಾಣಿಸಿತು. ಅದು ಪೂರ್ತಿ ಮೇಲೆ ಬಂದು, ಅದರ ಕೆಳಗೂ ಕಲ್ಲು ಕಾಣುವವರೆಗೆ ಭಾಯಿ ಯಾರನ್ನೂ ಬಿಡಲಿಲ್ಲ. ಟ್ರ್ಯಾಕ್ಟರಿನವನು ಗೊಣಗಿದ. "ನೀ ಆ ನೀರಿಗಿ ಬಿದ್ದಿಯೇನು? ನಾ ಬಿದ್ದೇನಿ. ಸುಮ್ಮ ಕುಂದ್ರು" ಎಂದರು ಭಾಯಿ.

ಕೊನೆಗೆ ಇಳಿದೆವು. ಗಾಲಿಯ ಕೆಳಗೆ ತೆಳುವಾದ ನೀರು ಚರ್ ಎಂದಿತು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದ ಆ ಕಲ್ಲು ಪಕ್ಕದಲ್ಲೇ ಹಾದು ಹೋಯಿತು, ಅದರ ಮೇಲೆ ಟಂಟಂನ ಬಣ್ಣ ಕೆತ್ತಿದ ಗುರುತು ಇನ್ನೂ ಇತ್ತು. ಏರಿ ಆಚೆಯ ದಂಡೆಗೆ ಬಂದೆವು. ಎದುರಿಗೆ ಎರಡನೆಯ ಬೋರ್ಡಿನ ಬೆನ್ನು. ಕಪ್ಪು ಕನ್ನಡಕಗಳು, ಟವೆಲುಗಳು, ಬೀಸಿದ ಕೈಗಳು, ಎಲ್ಲರ ಬಾಯಲ್ಲೂ ಹಲ್ಲು.

ಭಾಯಿ ಹಣೆಗೆ ಕೈ ತಾಗಿಸಿ ಸಲಾಮು ಮಾಡಿದರು. ಅತ್ತೆ ಗಾಡಿಯಿಂದ ತಲೆ ಹೊರಗೆ ಹಾಕಿ, "ಬರ್ತೀವ್ರಪಾ, ಹೆರಿಗಿ ಆಗ್ಲಿ, ಪೇಡೆ ಕಳಸ್ತೀನಿ" ಎಂದು ಬೋರ್ಡಿಗೇ ಹೇಳಿದರು.

ನಾದಿನಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೋರ್ಡನ್ನೇ ನೋಡುತ್ತಿದ್ದಳು. "ವೈನಿ, ಖರೇ ಹೇಳ್ಲೇನು? ಅಕ್ಷರಕ್ಕಿಂತ ಇವರ ಮೀಸಿ ಅಂಚ ಭಾಳ ಚಲೋ ಬಂದೈತಿ ನೋಡು."

"ಅದು ನಿಮ್ಮ ಅಣ್ಣನ ಕೆಲಸ" ಎಂದೆ. ಹಳ್ಳದ ಸದ್ದು ಹಿಂದೆ ಉಳಿಯುತ್ತ ಬಂತು. ರೋಣದವರೆಗೂ ಅವಳು ನನ್ನ ಕೈ ಬಿಡಲಿಲ್ಲ, ಅಥವಾ ನಾನು ಅವಳದನ್ನು.